ಝೆರ್ಫೆಯ ಬೆಕ್ಕಿನ ಉಪವಾಸ

ಅಡಿಸ್ ಅಬಾಬದ ಹತ್ತಿರದ ಬಿಶೊಫ್ಟುವಿನಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಹೋದ ದಿನ ಮನೆಯೊಡತಿ ಝೆರ್ಫೆ ನನ್ನನ್ನು ಮೊದಲು ಕೇಳಿದ್ದು ಬಾಡಿಗೆಯ ವಿಷಯವನ್ನಲ್ಲ, ನನ್ನ ಗಂಡನ ಕೆಲಸದ ವಿಷಯವನ್ನೂ ಅಲ್ಲ.

“ಇಲಿಪಾಷಾಣ ಇಡೋ ಅಭ್ಯಾಸ ಇದೆಯಾ?”

“ಇಲ್ಲ,” ಎಂದೆ.

“ಇಲಿ ಬಂದ್ರೆ ಏನ್ಮಾಡ್ತೀಯ?”

“ಓಡಿಸ್ತೀನಿ.”

“ಓಡಿಸ್ತಾಳಂತೆ! ಅಡಿಸ್ ಅಬಾಬದಲ್ಲಿ ಓದಿದವಳು ಇಲಿ ಓಡಿಸ್ತಾಳಂತೆ! ಇಲಿ ಕಂಡ್ರೆ ಮಂಚ ಹತ್ತೋ ಮುಖ ನಿಂದು. ಅದೆಲ್ಲ ಬೇಡ, ನನ್ನನ್ನ ಕೂಗು, ಶಾಶೆನ ಕಳಿಸ್ತೀನಿ. ಪಾಷಾಣ ಮಾತ್ರ ಈ ಗೇಟು ದಾಟಿ ಒಳಗೆ ಬರಕೂಡದು. ಮಿಕಾಯೆಲ್ ಆಣೆ ಹಾಕು.”

ಬೆನ್ನಿಗೆ ಕಟ್ಟಿಕೊಂಡಿದ್ದ ಐದು ತಿಂಗಳ ಮಗುವಿನ ಸಮೇತ ನಾನು ಸಂತ ಮಿಕಾಯೆಲನ ಮೇಲೆ ಆಣೆ ಹಾಕಿದೆ. ಆಮೇಲೆ ಆಕೆ ಮಗುವಿನ ಕಡೆ ಅನುಮಾನದಿಂದ ನೋಡಿ, “ಇದು ದೊಡ್ಡದಾದ ಮೇಲೆ ಬಾಲ ಎಳೆಯೋ ಜಾತಿಯೇನಮ್ಮ?” ಎಂದರು. ಅಷ್ಟು ಹೊತ್ತಿಗೆ ಶಾಶೆ ಬಾಗಿಲಲ್ಲಿ ಬಂದು ಕೂತಿತ್ತು. ಬೂದು ಮೈ, ತಲೆಯ ಮೇಲೆ ಮಾತ್ರ ಬಿಳಿ ವಸ್ತ್ರ ಕಟ್ಟಿಕೊಂಡಂಥ ಮಚ್ಚೆ. ಹಾಗಾಗಿಯೇ ಆ ಹೆಸರು, ತಲೆವಸ್ತ್ರದವಳು ಎಂದು.

ಊರಲ್ಲಿ ಎಲ್ಲರೂ ಆಕೆಯನ್ನು ಎಮಾಮ ಝೆರ್ಫೆ ಎನ್ನುತ್ತಾರೆ. ಎಮಾಮ ಎಂದರೆ ಹಿರಿಯಮ್ಮ. ಆಗ ಅರವತ್ಮೂರು ವರ್ಷ. ಮೆನ್ಸ್ ಬೆಟ್ಟದ ಕಡೆಯ ಹುಡುಗಿ, ಹದಿನೇಳಕ್ಕೆ ಇಲ್ಲಿಗೆ ಬಂದು ವಾಯುಪಡೆಯ ಕ್ಯಾಂಟೀನಿನಲ್ಲಿ ಇಂಜೆರ ಎಂಬ ಹುಳಿದೋಸೆ ಹುಯ್ಯುವ ಕೆಲಸಕ್ಕೆ ಸೇರಿದರು. ಅಲ್ಲೇ ವಿಮಾನದ ಟೈರು ಬದಲಿಸುತ್ತಿದ್ದ ತೆಫೆರನನ್ನು ಮದುವೆಯಾದರು. ಮಕ್ಕಳಾಗಲಿಲ್ಲ. ಗಂಡ ಸಕ್ಕರೆ ಕಾಯಿಲೆಯಿಂದ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಉಳಿದದ್ದು ಒಂದು ವಠಾರ, ಅದರಲ್ಲಿ ಮೂರು ಮನೆ. ಮುಂದಿನದರಲ್ಲಿ ಆಕೆ, ನಡುವಿನದರಲ್ಲಿ ಲಾರಿ ಓಡಿಸಿ ನಿವೃತ್ತರಾದ ಗಾಶೆ ದೆಗೆಫು, ಹಿಂದಿನದರಲ್ಲಿ ನಾವು. ಗಾಶೆ ಎಂದರೆ ಹಿರಿಯಣ್ಣ. ನನ್ನ ಗಂಡನಿಗೆ ಹೂವಿನ ತೋಟದಲ್ಲಿ ಕೆಲಸ. ಕತ್ತಲಿರುವಾಗಲೇ ಕಂಪನಿಯ ಬಸ್ಸು ಹತ್ತಿದರೆ ಮತ್ತೆ ಸಂಜೆಗೇ ಮನೆ. ಹಾಗಾಗಿ ಹಗಲೆಲ್ಲ ನಾನು, ನನ್ನ ಮಗಳು ಬಿತಾನ್ಯ, ಎಮಾಮ, ಮತ್ತೆ ಆ ಬೆಕ್ಕು.

ಎಮಾಮ ಇಂಜೆರ ಮಾಡಿ ಮಾರುತ್ತಿದ್ದರು. ತೆಫ್ ಎಂಬ ಸಣ್ಣ ಕಾಳಿನ ಹಿಟ್ಟನ್ನು ಮೂರು ದಿನ ಹುಳಿ ಬರಿಸಿ ದೊಡ್ಡ ಕರೆಂಟ್ ಕಾವಲಿಯ ಮೇಲೆ ಸುತ್ತ ಹುಯ್ದು ಎತ್ತುವುದು. ಬೆಳಗಿನ ಎಂಟಕ್ಕೆ ಗೇಟಿನ ಮುಂದೆ ಬುಟ್ಟಿ ಹಿಡಿದವರ ಸಾಲು. ಮನೆಯಲ್ಲಿ ತೆಫ್ ಮೂಟೆ ಇದ್ದಮೇಲೆ ಇಲಿ ಬರುತ್ತದೆ, ಇಲಿ ಬಂದಮೇಲೆ ಬೆಕ್ಕು ಬೇಕು. ಲೆಕ್ಕ ಶುರುವಾದದ್ದು ಅಷ್ಟರಿಂದಲೇ. ಆದರೆ ಶಾಶೆ ಇಲಿ ಹಿಡಿದದ್ದನ್ನು ನಾನಂತೂ ಕಂಡಿಲ್ಲ. “ಹಿಡಿಯೋದು ಬೇಡ, ಇಲಿಗೆ ಇವಳ ವಾಸನೆ ಸಾಕು,” ಎನ್ನುತ್ತಿದ್ದರು ಎಮಾಮ. ಇಲಿಯ ಹೊಟ್ಟೆಯಲ್ಲಿ ಇನ್ಯಾರದೋ ಮನೆಯ ಪಾಷಾಣ ಇದ್ದರೆ ಏನು ಗತಿ ಎಂಬ ಭಯಕ್ಕೆ ಇಲಿ ಕಂಡ ಕೂಡಲೇ ಬೆಕ್ಕನ್ನೇ ಎತ್ತಿಕೊಂಡು ಬಾಗಿಲು ಹಾಕುತ್ತಿದ್ದರು. ಇಲಿ ತನ್ನ ಪಾಡಿಗೆ ತೆಫ್ ತಿನ್ನುತ್ತಿತ್ತು.

ನಗುವ ಹಾಗಿಲ್ಲ. ಆಕೆ ಅದಕ್ಕೆ ಮೊದಲು ಮೂರು ಬೆಕ್ಕು ಕಳೆದುಕೊಂಡಿದ್ದರು. ಒಂದು ಪಾಷಾಣ ತಿಂದ ಇಲಿಯನ್ನು ತಿಂದು ಸತ್ತಿತು. ಒಂದನ್ನು ಮರಿಯಿದ್ದಾಗಲೇ ಹದ್ದು ಅಂಗಳದಿಂದ ಎತ್ತಿಕೊಂಡು ಹೋಯಿತು. ಇನ್ನೊಂದು ಗೇಟಿನ ಎದುರೇ ಬಜಾಜ್ ಗಾಡಿಯ ಚಕ್ರಕ್ಕೆ ಸಿಕ್ಕಿತು. ನಮ್ಮಲ್ಲಿ ಆಟೋಗೆ ಬಜಾಜ್ ಎಂದೇ ಹೆಸರು. ಆ ಮೂರನ್ನೂ ಆಕೆ ತೀರಿಕೊಂಡ ತಂಗಿಯರ ಹಾಗೆ ಹೆಸರು ಹಿಡಿದು, ವಾರ ಹೇಳಿ, ಯಾವ ಹಬ್ಬದ ಮಾರನೆಯ ದಿನ ಎಂದು ಹೇಳಿ ನೆನೆಯುತ್ತಿದ್ದರು.

ಆದ್ದರಿಂದ ಶಾಶೆಗೆ ಕಾವಲು ಬಲವಾಗಿತ್ತು. ಕಿಟಕಿಗೆಲ್ಲ ತಂತಿ ಬಲೆ. ಗೇಟಿನ ಕೆಳಗಿನ ಸಂದಿಗೆ ಹಲಗೆ. ಹಿಟ್ಟಿನ ಡ್ರಮ್ಮಿಗೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು. ಕಾವಲಿ ತಣ್ಣಗಾಗುವವರೆಗೆ ಬೆಕ್ಕು ಮಂಚಕ್ಕೆ ಕಟ್ಟಿಸಿಕೊಂಡಿರಬೇಕು. ಎಲ್ಲಿದೆ ಎಂದು ತಿಳಿಯಲು ಕೊರಳಿಗೆ ಗೆಜ್ಜೆ ಕಟ್ಟಿದರು. ಗೆಜ್ಜೆಯ ದಾರ ಎಲ್ಲಾದರೂ ಮೊಳೆಗೆ ಸಿಕ್ಕಿ ಕುತ್ತಿಗೆ ಬಿಗಿದರೆ ಎಂದು ಮಾರನೆಯ ದಿನವೇ ಬಿಚ್ಚಿದರು. ಮಗಳ ಕೊರಳಿನ ಶಿಲುಬೆಯ ದಾರವನ್ನು ನಾನೂ ಹೀಗೆಯೇ ಕಟ್ಟಿ ಬಿಚ್ಚಿ, ಕೊನೆಗೆ ಗೋಡೆಗೆ ತೂಗುಹಾಕಿದ್ದೆ. ನನ್ನ ಗಂಡ ನಮ್ಮಿಬ್ಬರನ್ನು ನೋಡಿ, “ಒಂದೇ ಆಸ್ಪತ್ರೆಗೆ ಎರಡು ಚೀಟಿ ಮಾಡಿಸ್ಬೇಕು,” ಎನ್ನುತ್ತಿದ್ದರು.

ಎಮಾಮ ಚರ್ಚಿಗೆ ಹೋದಾಗ ಬೆಕ್ಕಿನ ಮೇಲೆ ಕಣ್ಣಿಡುವುದು ನನ್ನ ಪಾಲಿಗೆ ಬಂತು. ಪೂಜೆಯ ನಡುವೆ ಆಕೆ ಆವರಣದ ಮರದ ಕೆಳಗೆ ಬಂದು ಫೋನ್ ಮಾಡುವರು.

“ಬಿತಾನ್ಯಾ ಅಮ್ಮ, ಶಾಶೆ ಇದ್ದಾಳಾ?”

“ಇದ್ದಾಳೆ ಎಮಾಮ, ಮಲಗಿದ್ದಾಳೆ.”

“ಮಲಗಿದ್ದಾಳಾ, ಬಿದ್ದಿದ್ದಾಳಾ?”

“ಮಲಗಿದ್ದಾಳೆ.”

“ಉಸಿರಾಡ್ತಿದ್ದಾಳಾ ನೋಡು. ಹೊಟ್ಟೆ ನೋಡು.”

ನಾನು ಹೋಗಿ ಹೊಟ್ಟೆ ನೋಡಿ, ಏರಿಳಿಯುತ್ತಿದೆ ಎಂದು ಹೇಳುವೆ. ಹೇಗೂ ಎದ್ದಿದ್ದೇನಲ್ಲ ಎಂದು ತೊಟ್ಟಿಲ ಬಳಿ ಹೋಗಿ ಮಗಳದನ್ನೂ ನೋಡಿ ಬರುವೆ. ಹೀಗೆ ನಮ್ಮಿಬ್ಬರ ದಿನ ನಡೆಯುತ್ತಿತ್ತು, ಕೆಟ್ಟದಾಗಿ ಏನಲ್ಲ. ಹೆದರುವವರು ಇಬ್ಬರಿದ್ದರೆ ಸರದಿಯ ಮೇಲೆ ಹೆದರಬಹುದು.

ನಾವು ಬಂದ ವರ್ಷವೇ ಒಂದು ತೊಂದರೆ ಕಂಡಿತು. ಫಾಸಿಕ, ಅಂದರೆ ಈಸ್ಟರ್ ಹಬ್ಬಕ್ಕೆ ಮೊದಲು ನಮ್ಮಲ್ಲಿ ಐವತ್ತೈದು ದಿನದ ದೊಡ್ಡ ಉಪವಾಸ. ಮಧ್ಯಾಹ್ನ ಕಳೆಯುವವರೆಗೆ ಹನಿ ನೀರೂ ಇಲ್ಲ. ಆಮೇಲೆ ಊಟವುಂಟು, ಆದರೆ ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಮನೆಯ ಹತ್ತಿರ ಸುಳಿಯುವಂತಿಲ್ಲ. ನಮ್ಮವರ ಕಸಾಯಿ ಅಂಗಡಿಗಳಿಗೆ ಬೀಗ. ಚಿಕ್ಕ ಮಕ್ಕಳಿಗೆ ವಿನಾಯಿತಿ ಇರುವುದರಿಂದ ಮುಂದಕ್ಕೂ ಬಿತಾನ್ಯಳ ಹಾಲಿಗೆ ಅಡ್ಡಿಯಿರಲಿಲ್ಲ, ಆದರೆ ಆ ಲೋಟ ಎಮಾಮನ ಹೊಸ್ತಿಲು ದಾಟುವಂತಿರಲಿಲ್ಲ. ಆಕೆಯ ವ್ಯಾಪಾರ ನಿಂತದ್ದೇ ಅದರ ಮೇಲೆ. ಉಪವಾಸದ ತಿಂಗಳುಗಳಲ್ಲಿ ಊರ ಆ ತುದಿಯಿಂದಲೂ ಜನ ಬರುತ್ತಿದ್ದರು. ಝೆರ್ಫೆಯ ಕಾವಲಿಗೆ ಬೆಣ್ಣೆಯ ವಾಸನೆ ಕೂಡ ತಾಕಿರುವುದಿಲ್ಲ, ಝೆರ್ಫೆಯ ಮನೆಯಿಂದ ತಂದದ್ದನ್ನು ಪಾದ್ರಿಗಳ ಮುಂದೆಯೂ ಇಡಬಹುದು ಎಂಬ ಮಾತಿತ್ತು.

“ನನ್ನ ಮನೇಲಿ ಎಲ್ಲರಿಗೂ ಉಪವಾಸ,” ಎಂದು ಆಕೆ ಸಾಲಿನಲ್ಲಿ ನಿಂತವರಿಗೆ ಹೇಳುವರು. “ಶಾಶೆಗೂ. ಇಂಜೆರ, ಶಿರೊ ಸಾರು, ಮುಗೀತು.”

ಗಾಶೆ ದೆಗೆಫು ತಮ್ಮ ಬಾಗಿಲಲ್ಲಿ ಕೂತು ಕಡ್ಡಿಯಿಂದ ಹಲ್ಲುಜ್ಜುತ್ತ, “ಝೆರ್ಫೆ ಅಕ್ಕ ಸ್ವರ್ಗಕ್ಕೆ ಹೋಗೋವಾಗ ಬೆಕ್ಕೂ ಟಿಕೆಟ್ ಇಲ್ಲದೆ ಒಳಗೆ ಹೋಗುತ್ತೆ. ನಾವೆಲ್ಲ ಗೇಟಿನ ಹೊರಗೆ,” ಎನ್ನುವರು.

ಬೆಕ್ಕಿಗೆ ಸ್ವರ್ಗ ಬೇಡವಾಗಿತ್ತು. ಕಡಲೆಹಿಟ್ಟಿನ ಸಾರನ್ನು ಎರಡು ವಾರ ಮೂಸಿ ಮೂಸಿ ತಿಂದು, ಮೂರನೆಯ ವಾರ ತಂತಿ ಬಲೆಯ ಮೂಲೆ ಸಡಿಲಿಸಿ ಹೊರಗೆ ಹೋಯಿತು. ಎರಡು ದಿನ ಪತ್ತೆಯಿಲ್ಲ. ಎಮಾಮ ಬೀದಿಬೀದಿ ತಿರುಗಿದರು. ಹಿಟ್ಟು ಹುಳಿ ಮೀರಿ ಕೆಟ್ಟಿತು. ಮೂರನೆಯ ದಿನ ಶಾಶೆ ಒಂದು ಕಿವಿ ಹರಿಸಿಕೊಂಡು, ಬಾಯಿಗೆ ಯಾರದೋ ಮನೆಯ ತುಪ್ಪದ ವಾಸನೆ ಹಚ್ಚಿಕೊಂಡು ಬಂತು. ಆಕೆ ಬೈಯಲಿಲ್ಲ. ಕಿವಿಗೆ ಔಷಧ ಹಚ್ಚುತ್ತ, “ಹೊರಗಡೆ ಇರೋದೆಲ್ಲ ಪಾಷಾಣ ಕಣೇ,” ಎಂದು ಅದಕ್ಕೇ ಹೇಳುತ್ತಿದ್ದರು.

ಮರುವರ್ಷದ ಉಪವಾಸದಲ್ಲಿ ಶಾಶೆ ಹೊರಗೆ ಹೋಗಲಿಲ್ಲ. ಒಂದು ವಾರ, ಎರಡು ವಾರ, ನಾಲ್ಕು ವಾರ. ಮೈ ಇಳಿಯಲೂ ಇಲ್ಲ. ಎಮಾಮ ಹೆಮ್ಮೆಯಿಂದ ಬೀಗುತ್ತಿದ್ದರು. “ಅಭ್ಯಾಸ ಆಯ್ತು ನೋಡು. ಬೆಕ್ಕಿಗೂ ಬುದ್ಧಿ ಹೇಳಿದ್ರೆ ಬರುತ್ತೆ.” ನಾನೂ ನಂಬಿದೆ. ಆ ವರ್ಷ ಇಲಿಯ ಕಾಟ ಮಾತ್ರ ಹೆಚ್ಚಿತ್ತು. ಗಾಶೆ ದೆಗೆಫುವಿನ ಹಬ್ಬದ ಬೂಟಿನ ನಾಲಿಗೆಯನ್ನೇ ಇಲಿ ತಿಂದಿತ್ತು. ಅವರು ಬೂಟನ್ನು ಎತ್ತಿ ಹಿಡಿದು ಅಂಗಳದಲ್ಲಿ ಎಲ್ಲರಿಗೂ ಕೇಳುವಂತೆ, “ಅಕ್ಕ, ನಿಮ್ಮ ಸನ್ಯಾಸಿನಿ ಇಲಿ ಹಿಡಿಯೋದನ್ನೂ ಬಿಟ್ಟಿದ್ದಾಳೆ. ಇನ್ನು ನಾನು ಪೇಟೆಯಿಂದ ಆ ನೀಲಿ ಕಾಳು ತಂದು ಇಡ್ತೀನಿ ನೋಡಿ!” ಎಂದಿದ್ದರು. ನೀಲಿ ಕಾಳು ಎಂದರೆ ಪಾಷಾಣ. ಎಮಾಮ ಆ ದಿನವೆಲ್ಲ ಅವರ ಜೊತೆ ಮಾತಾಡಲಿಲ್ಲ.

ಐದನೆಯ ವಾರದ ಮಂಗಳವಾರ ಬೆಳಿಗ್ಗೆ ಶಾಶೆ ವಾಂತಿ ಮಾಡಿತು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಸಲವಾಯಿತು. ತಿನ್ನಲು ಕೊಟ್ಟದ್ದನ್ನು ಮುಟ್ಟಲಿಲ್ಲ, ನೀರು ಮೂಸಿ ಬಿಟ್ಟಿತು, ಮಂಚದ ಕೆಳಗೆ ಗೋಡೆಗೆ ಮುಖಮಾಡಿ ಬೆನ್ನು ಗೂನು ಮಾಡಿಕೊಂಡು ಕೂತಿತು. ಎಮಾಮ ಮಂಚದ ಕೆಳಗೆ ಅರ್ಧ ತೂರಿ ಅದನ್ನು ನೋಡಿದರು. ಎದ್ದು, ಕೈಯಲ್ಲಿದ್ದ ಹಿಟ್ಟು ಕೂಡ ತೊಳೆಯದೆ ನಡುವಿನ ಮನೆಯ ಬಾಗಿಲಿಗೆ ಹೋದರು.

“ದೆಗೆಫು, ಎಲ್ಲಿಟ್ಟಿದ್ದೀಯ?”

“ಏನನ್ನ?”

“ಕಾಳು. ನೀಲಿ ಕಾಳು.”

“ಅಯ್ಯೋ ಅಕ್ಕ, ಅದು ಸುಮ್ಮನೆ ಬಾಯಿಮಾತು. ಬೂಟು ಹೋದ ಸಿಟ್ಟಿಗೆ ಅಂದದ್ದು.”

“ನನ್ನ ಬೆಕ್ಕು ಸಾಯ್ತಿದೆ. ಬಾಗಿಲು ಬಿಡು, ಒಳಗೆ ನೋಡ್ತೀನಿ.”

ಗಾಶೆ ದೆಗೆಫು ಹೊಸ್ತಿಲಿಗೆ ಅಡ್ಡ ನಿಂತರು. ನಲವತ್ತು ವರ್ಷ ಬಂದರಿನ ದಾರಿಯಲ್ಲಿ ಲಾರಿ ಓಡಿಸಿ ಒಂದು ಚೀಲ ಸಕ್ಕರೆಯ ಕಳ್ಳತನದ ಮಾತೂ ಕೇಳದ ಮನುಷ್ಯ.

“ಮಿಕಾಯೆಲ್ ಆಣೆ, ಇಟ್ಟಿಲ್ಲ. ಆಣೆ ಮೇಲೆ ಶೋಧನೆ ಬೇಕಾ ನಿಮಗೆ? ಹನ್ನೊಂದು ವರ್ಷ ಬಾಡಿಗೆ ಕೊಟ್ಟಿದ್ದೀನಿ, ನನ್ನ ಪೆಟ್ಟಿಗೆ ಯಾರೂ ತೆಗೆದಿಲ್ಲ.”

“ತೆಗಿಯಕ್ಕೆ ಬಿಡಲ್ಲ ಅಂದ್ರೆ ಇದೆ ಅಂತ ಅರ್ಥ!”

“ಹಾಗೇ ತಿಳ್ಕೊಳ್ಳಿ!” ಎಂದು ಅವರು ಬಾಗಿಲು ಹಾಕಿಕೊಂಡರು.

ಹೊರಗೆ ನಾಲ್ಕಾರು ಜನ ಸೇರಿದ್ದರು. ಎಮಾಮ ಅವರೆಲ್ಲರ ಮುಂದೆ, “ಈ ದೆಗೆಫುನೇ ನನ್ನ ಶಾಶೆಗೆ ಪಾಷಾಣ ಹಾಕಿದವನು,” ಎಂದು ಹೆಸರು ಹಿಡಿದು ಹೇಳಿದರು. ನಿಜ ಹೇಳಬೇಕೆಂದರೆ ನಾನಾಗಲೇ ನಮ್ಮ ಅಂಗಳದಲ್ಲಿ ಮಗಳು ಎಲ್ಲೆಲ್ಲಿ ಓಡಾಡಿದ್ದಳು, ಏನೇನು ಬಾಯಿಗೆ ಹಾಕಿದ್ದಳು ಎಂದು ಎಣಿಸುತ್ತ ನಿಂತಿದ್ದೆ.

ಶಾಶೆಯನ್ನು ಮುಚ್ಚಳದ ಬುಟ್ಟಿಯಲ್ಲಿಟ್ಟು, ಬಿತಾನ್ಯಳನ್ನು ಬೆನ್ನಿಗೆ ಕಟ್ಟಿಕೊಂಡು, ಬಜಾಜ್ ಹಿಡಿದು ಪಶುವೈದ್ಯರ ಬಳಿ ಹೋದೆವು. ಡಾಕ್ಟರ್ ಗೆಲಾನ ಚಿಕ್ಕ ವಯಸ್ಸಿನವರು. ನಮಗಿಂತ ಮುಂದೆ ಒಂದು ಕುಂಟುವ ಕತ್ತೆ, ಎರಡು ಕುರಿ. ಸರದಿ ಬಂದಾಗ ಅವರು ಬೆಕ್ಕಿನ ಬಾಯಿ ತೆರೆದು ನೋಡಿದರು, ಒಸಡು ಒತ್ತಿದರು, ಹೊಟ್ಟೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ತಡವಿದರು. ಶಾಶೆ ನರಳಿತು.

“ಏನು ತಿಂದಿದೆ, ತಾಯಿ?”

“ಇಂಜೆರ, ಶಿರೊ. ಉಪವಾಸ ಅಲ್ವಾ. ಮೇಲೆ ನೆರೆಯವನ ಪಾಷಾಣ.”

“ಪಾಷಾಣ ತಿಂದದ್ದನ್ನ ಕಣ್ಣಾರೆ ನೋಡಿದ್ರಾ?”

“ನೋಡ್ಬೇಕಾ? ಅವನೇ ಬಾಯಿಬಿಟ್ಟು ಹೇಳಿದ್ದ.”

ಡಾಕ್ಟರು ಕೈ ಒರೆಸಿಕೊಂಡು ನಮ್ಮಿಬ್ಬರ ಎದುರು ಸ್ಟೂಲಿನ ಮೇಲೆ ಕೂತರು.

“ಕೇಳಿ. ಹೊಟ್ಟೇಲಿ ಏನೋ ಗಂಟಾದ ಹಾಗಿದೆ. ಏನನ್ನಾದರೂ ನುಂಗಿ ಕರುಳಿಗೆ ಸಿಕ್ಕಿಕೊಂಡಿದ್ರೆ ಕೊಯ್ದು ತೆಗೀಬೇಕು, ಇಲ್ಲದಿದ್ರೆ ಉಳಿಯಲ್ಲ. ಆದ್ರೆ ಆ ನೀಲಿ ಕಾಳು ತಿಂದಿದ್ರೆ ರಕ್ತ ಹೆಪ್ಪುಗಟ್ಟಲ್ಲ, ಒಳಗೇ ಸೋರಿ ಊದಿರಬಹುದು. ಆಗ ಕೊಯ್ದರೆ ಈ ಮೇಜಿನ ಮೇಲೇ ಹೋಗುತ್ತೆ. ಎರಡರಲ್ಲಿ ಯಾವುದು ಅಂತ ನನಗೆ ಬೆಕ್ಕು ಹೇಳಲ್ಲ, ನೀವು ಹೇಳ್ಬೇಕು. ಮನೇಲಿ ಮೂಳೆ, ದಾರ, ರಬ್ಬರು, ಏನಾದ್ರೂ?”

ಎಮಾಮ, ಕೆಲಸ ಮುಗಿದರೂ ಬಾಗಿಲಲ್ಲೇ ಕುರಿ ಹಿಡಿದು ನಿಂತಿದ್ದವನ ಕಡೆ ಒಮ್ಮೆ ನೋಡಿದರು. ನಾನದನ್ನು ಗಮನಿಸಿದೆ, ದುಃಖಕ್ಕೆ ಆ ಕಡೆ ತಿರುಗಿದರು ಎಂದುಕೊಂಡೆ.

“ಏನೂ ಇಲ್ಲ,” ಎಂದರು.

ಡಾಕ್ಟರು ಪಾಷಾಣ ಇಳಿಸುವ ಇಂಜೆಕ್ಷನ್ ಕೊಟ್ಟು, ನಾಳೆ ಬೆಳಿಗ್ಗೆ ಕರೆದುಕೊಂಡು ಬನ್ನಿ, ಅದಕ್ಕಿಂತ ತಡವಾದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಬುಟ್ಟಿ ತೆರೆದ ಕೂಡಲೇ ಶಾಶೆ ತೂರಾಡುತ್ತ ಹೋಗಿ ತೆಫ್ ಮೂಟೆಗಳ ಹಿಂದೆ ಸೇರಿಕೊಂಡಿತು. ಎಮಾಮ ನೀರು ಬಿಸಿ ಮಾಡಲು ಹೋದರು. ಬೆಕ್ಕನ್ನು ಈಚೆ ತರೋಣವೆಂದು ನಾನು ಮೂಟೆಯೊಂದನ್ನು ಸರಿಸಿದೆ. ಹಿಂದಿನ ಗೋಡೆಯಲ್ಲಿ ಎರಡು ಮೊಳೆ. ಒಂದರಿಂದ ಹತ್ತಿಯ ದಾರ ಇಳಿಬಿದ್ದಿತ್ತು, ಅದರ ಮೇಲ್ತುದಿಯಲ್ಲಿ ಬೆರಳುದ್ದದ ಕಪ್ಪು ಪಟ್ಟಿಯೊಂದು ಒಣಗಿ ಅಂಟಿಕೊಂಡಿತ್ತು. ಇನ್ನೊಂದು ಮೊಳೆಯಲ್ಲಿ ಗಂಟು ಮಾತ್ರ. ನಡುವಿನ ದಾರ ಇರಲಿಲ್ಲ. ಇಳಿಬಿದ್ದ ತುದಿ ಹಲ್ಲಿನ ಕಡಿತಕ್ಕೆ ಎಳೆಎಳೆಯಾಗಿತ್ತು.

ಒಣಮಾಂಸ. ಹಬ್ಬದ ದಿನಗಳಲ್ಲಿ ಯಾರ ಮನೆಯಲ್ಲಾದರೂ ಕಾಣುವ ವಸ್ತು, ಮಾಂಸವನ್ನು ಉದ್ದುದ್ದ ಸೀಳಿ ಉಪ್ಪು ಸವರಿ ದಾರದ ಮೇಲೆ ಒಣಹಾಕಿರುತ್ತಾರೆ. ಆದರೆ ಉಪವಾಸದ ಐದನೆಯ ವಾರ, ಝೆರ್ಫೆಯ ಮನೆಯಲ್ಲಿ, ತೆಫ್ ಮೂಟೆಯ ಹಿಂದೆ!

ತಿರುಗಿದಾಗ ಎಮಾಮ ನೀರಿನ ಪಾತ್ರೆ ಹಿಡಿದು ನಿಂತಿದ್ದರು.

“ನಾನು ತಿಂದಿಲ್ಲ,” ಎಂದರು.

“ನಂಗೊತ್ತು ಎಮಾಮ.”

“ಬೆರಳಲ್ಲಿ ಕೂಡ ಮುಟ್ಟಿಲ್ಲ. ಉಪವಾಸ ಶುರುವಾಗೋಕ್ಕೆ ಮುಂಚೆ ತಂದು ಒಣಗಿಸಿಟ್ಟೆ. ಇದ್ದಲಿನ ಇಕ್ಕಳದಲ್ಲಿ ದಿನಕ್ಕೆ ಒಂದು ಚೂರು ಹಿಡಿದು ಕೊಡೋದು, ಇಕ್ಕಳ ತೊಳೆದು ಹೊರಗಿಡೋದು. ಹೋದ ವರ್ಷದ ಹಾಗೆ ಹೊರಗೆ ಹೋದ್ರೆ ಪಾಷಾಣ ಇದೆ, ನಾಯಿ ಇದೆ, ಗಾಡಿ ಇದೆ. ಒಳಗೇ ಇರ್ಲಿ ಅಂತ. ಒಳಗಿದ್ರೆ ಏನೂ ಆಗಲ್ಲ ಅಂತ.”

ಪಾತ್ರೆಯನ್ನು ನೆಲಕ್ಕಿಟ್ಟು ಗೋಡೆಗೆ ಒರಗಿದರು.

“ದಾರ ಎಷ್ಟು ಉದ್ದ ಇತ್ತು?” ಎಂದೆ.

“ಒಂದು ಮೊಳ.”

“ಡಾಕ್ಟರು ಇದನ್ನೇ ಕೇಳಿದ್ದು.”

“ಕೇಳಿದ್ರು. ಅಲ್ಲಿ ಕುರಿ ಹಿಡ್ಕೊಂಡು ನಿಂತಿದ್ದನಲ್ಲ, ಅವನ ಹೆಂಡತಿ ನನ್ನ ಹತ್ರ ಇಂಜೆರ ತಗೊಳ್ಳೋಳು. ನೀನು ನಂಬ್ತೀಯ, ಅವರು ನಂಬ್ತಾರಾ? ನಲವತ್ತಾರು ವರ್ಷದಿಂದ ಹುಯ್ದಿದ್ದೀನಿ, ಝೆರ್ಫೆ ಮೂಟೆ ಹಿಂದೆ ಮಾಂಸ ಬಚ್ಚಿಟ್ಟು ತಿಂತಾಳೆ ಅಂತಾರೆ. ಪಾದ್ರಿಗಳ ಮನೆಗೂ ನನ್ನದೇ ಇಂಜೆರ ಹೋಗುತ್ತೆ, ಗೊತ್ತಾ ನಿಂಗೆ?”

“ಡಾಕ್ಟರ ಕಿವಿಗೆ ಮಾತ್ರ ಹೇಳಿದ್ರಾಯ್ತು. ಫೋನ್ ಮಾಡ್ಲಾ?”

ನಾನು ಜಾಣತನದ ಮಾತು ಹೇಳಿದೆ ಎಂದುಕೊಂಡಿದ್ದೆ. ಎಮಾಮ ಕಿಟಕಿಯ ಬಳಿ ಹೋಗಿ ಹೊರಗೆ ನೋಡಿದರು. ಅಂಗಳದ ಆಚೆ ಗಾಶೆ ದೆಗೆಫುವಿನ ಬಾಗಿಲು ಹಾಕಿಯೇ ಇತ್ತು. ಆ ಹೊತ್ತಿಗೆ ಅವರು ದಿನಾ ಹೊರಗೆ ಕೂತು ರೇಡಿಯೊ ಹಾಕುತ್ತಿದ್ದರು.

“ಮಾಡು,” ಎಂದರು ಕೊನೆಗೆ. “ದಾರ ಅಂತ ಹೇಳು. ಮಾಂಸದ ದಾರ ಅಂತ ಹೇಳು. ಪಾಷಾಣ ಇರ್ಲಿಲ್ಲ ಅಂತ್ಲೂ ಹೇಳು.”

ಡಾಕ್ಟರು ಫೋನಿನಲ್ಲಿ ಒಮ್ಮೆ ಉಸಿರೆಳೆದುಕೊಂಡರು. ಈಗ ಕೊಟ್ಟ ಇಂಜೆಕ್ಷನ್ನಿನಿಂದ ತೊಂದರೆಯಿಲ್ಲ, ಬೆಳಿಗ್ಗೆ ಎಂಟೂವರೆಗೆ ಬನ್ನಿ, ಕೊಯ್ಯುತ್ತೇನೆ, ಬಾಯಿಂದಲೋ ಹಿಂದಿನಿಂದಲೋ ದಾರ ಕಂಡರೆ ಎಳೆಯಬೇಡಿ ಎಂದರು.

ಬುಧವಾರ ಎಂಟಕ್ಕೆ ಗೇಟಿನ ಮುಂದೆ ಯಾವತ್ತಿನ ಸಾಲು. ಇಂಜೆರ ರೆಡಿಯಾಗಿರಲಿಲ್ಲ, ಕಾವಲಿ ಹಚ್ಚಿರಲಿಲ್ಲ. ಎಮಾಮ ಬಿಳಿ ಶಾಲು ಹೊದ್ದು ಈಚೆ ಬಂದರು. ನಲ್ಲಿಯ ಪಕ್ಕ ಬಟ್ಟೆ ಒಗೆಯಲು ಇಟ್ಟಿದ್ದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಹಿಂಗತ್ತಿನ ಮೇಲೆ ಹೇರಿಕೊಂಡು, ಬಗ್ಗಿ, ಗಾಶೆ ದೆಗೆಫುವಿನ ಬಾಗಿಲ ಮುಂದೆ ನಿಂತರು. ನಮ್ಮಲ್ಲಿ ತಪ್ಪೊಪ್ಪಿಕೊಳ್ಳುವವರು ಮಾಡುವುದು ಹೀಗೆ. ಆದರೆ ಅಷ್ಟು ವಯಸ್ಸಿನವರು ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ.

“ದೆಗೆಫು, ಈಚೆ ಬಾ.”

ಅವರು ಬಾಗಿಲು ತೆರೆದರು. ಬಾಯಲ್ಲಿ ಹಲ್ಲುಜ್ಜುವ ಕಡ್ಡಿ ಹಾಗೆಯೇ ಇತ್ತು.

“ನಿನ್ನೆ ನಿನ್ನ ಮೇಲೆ ಸುಳ್ಳು ಹೊರಿಸಿದೆ. ಪಾಷಾಣ ಇರ್ಲಿಲ್ಲ. ನಾನೇ ಬೆಕ್ಕಿಗೆ ಅಂತ ಮಾಂಸ ಒಣಗಿಸಿ ಮನೇಲಿ ಬಚ್ಚಿಟ್ಟಿದ್ದೆ. ಆ ದಾರ ನುಂಗಿದೆ. ಕ್ಷಮಿಸು.”

ಎಲ್ಲರಿಗೂ ಕೇಳಿಸಿತು. ಕೇಳಿಸಲೆಂದೇ ಹೇಳಿದ್ದು. ಸಾಲಿನಲ್ಲಿ ಯಾರೋ, “ಈ ಉಪವಾಸದಲ್ಲಾ?” ಎಂದರು. ಇನ್ಯಾರೋ, “ಮೂವತ್ತು ದಿನ ನಾವು ತಿಂದದ್ದು ಆ ಮನೇದಾ?” ಎಂದರು. ಮುಂದೆ ನಿಂತಿದ್ದ ಹೆಂಗಸೊಬ್ಬಳು ಖಾಲಿ ಬುಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿ ಹಿಂದಿರುಗಿದಳು. ಅವಳ ಹಿಂದೆ ಮತ್ತಿಬ್ಬರು.

ಗಾಶೆ ದೆಗೆಫು ಬಂದು ಕಲ್ಲನ್ನು ಇಳಿಸಿಕೊಂಡರು. “ಕೆಳಗಿಡಿ ಅಕ್ಕ. ನಿಮ್ಮ ಬೆನ್ನು ಮುರಿದ್ರೆ ಅದಕ್ಕೂ ನಾನೇ ಪಾಷಾಣ ಹಾಕಿದೆ ಅಂತೀರಿ.” ಕಲ್ಲನ್ನು ನಲ್ಲಿಯ ಪಕ್ಕ ಇಟ್ಟು ಬಂದರು. “ಎಲ್ಲಿ ನಿಮ್ಮ ಸನ್ಯಾಸಿನಿ? ಕೊಡಿ ಬುಟ್ಟಿ. ನಾನು ಹಿಡ್ಕೊಳ್ತೀನಿ, ಬಜಾಜಿನವನು ಗುಂಡಿಗೆಲ್ಲ ಹಾರಿಸ್ತಾನೆ, ನಾನು ಪಕ್ಕ ಕೂತು ಬೈತೀನಿ.”

ಆಪರೇಷನ್ ಎರಡು ಗಂಟೆ ಹಿಡಿಯಿತು. ಎಮಾಮ ಹೊರಗೆ ಬೆಂಚಿನ ಮೇಲೆ ಕೂತು ಪ್ರಾರ್ಥನೆಯ ಪುಸ್ತಕ ತೆರೆದಿದ್ದರು, ಒಂದು ಪುಟವೂ ತಿರುಗಲಿಲ್ಲ. ಗಾಶೆ ದೆಗೆಫು ಬಾಗಿಲ ಸಂದಿಯಿಂದ ಇಣುಕಿ ಇಣುಕಿ ನರ್ಸಿನಿಂದ ಬೈಸಿಕೊಂಡರು. ನಾನು ಬಿತಾನ್ಯಳನ್ನು ಎತ್ತಿಕೊಂಡು ಓಡಾಡುತ್ತಿದ್ದೆ. ಇಳಿಸಿದರೆ ಕತ್ತೆಯ ಕಾಲ ಕೆಳಗೆ ಹೋಗುತ್ತಾಳೆ ಎಂಬ ಹೆದರಿಕೆ ನನಗೆ.

ಡಾಕ್ಟರ್ ಗೆಲಾನ ಈಚೆ ಬಂದು ತಟ್ಟೆಯೊಂದನ್ನು ತೋರಿಸಿದರು. ಗೇಣುದ್ದಕ್ಕೂ ಹೆಚ್ಚಿನ ದಾರ, ಕಪ್ಪಾಗಿ ಮುರುಟಿತ್ತು. “ಕರುಳು ನೆರಿಗೆ ಕಟ್ಟಿತ್ತು. ಎರಡು ಕಡೆ ಕೊಯ್ದು ತೆಗೆದೆ. ಎಲ್ಲೂ ಹರಿದಿರ್ಲಿಲ್ಲ. ನಿನ್ನೆ ನೀವು ಫೋನ್ ಮಾಡದೆ ಇದ್ದಿದ್ರೆ ನಾನು ಚಾಕು ಹಿಡೀತಿರ್ಲಿಲ್ಲ ತಾಯಿ. ಮೂರು ದಿನ ಇಲ್ಲೇ ಇರ್ಲಿ.”

“ಬದುಕ್ತಾಳಾ?”

“ಶನಿವಾರ ತಿಂದ್ರೆ ಬದುಕಿದಳು.”

ಮೂರೂ ದಿನ ಎಮಾಮ ಬೆಳಗಿನಿಂದ ಸಂಜೆಯವರೆಗೆ ಪಂಜರದ ಪಕ್ಕ ಕೂತರು. ಹಿಟ್ಟು ನೆನೆಹಾಕಲಿಲ್ಲ. ಶನಿವಾರ ಶಾಶೆ ಡಾಕ್ಟರ ಬೆರಳಿನಿಂದ ಬೇಯಿಸಿದ ಯಕೃತ್ತಿನ ಮುದ್ದೆಯನ್ನು ಒಂದು, ಎರಡು, ಮೂರು ಸಲ ನೆಕ್ಕಿತು. ಎಮಾಮ ನನಗೆ ಫೋನ್ ಮಾಡಿ, “ತಿಂದಳು,” ಎಂದಷ್ಟೇ ಹೇಳಿ ಇಟ್ಟರು.

ಪಾದ್ರಿಗಳ ಬಳಿಗೆ ಆಕೆಯೇ ಹೋಗಿ ಒಪ್ಪಿಕೊಂಡರು. ಮಾಂಸ ಇಟ್ಟದ್ದಕ್ಕಿಂತ ನೆರೆಯವನ ಮೇಲೆ ಸುಳ್ಳು ಹೇಳಿದ್ದಕ್ಕೆ ಪಾದ್ರಿಗಳು ಹೆಚ್ಚು ಸಿಟ್ಟಾದರಂತೆ. ಹಬ್ಬದವರೆಗೆ ದಿನಕ್ಕೆ ನಲವತ್ತು ಸಲ ಅಡ್ಡಬೀಳಬೇಕೆಂದು ವಿಧಿಸಿದರು. ಮಂಡಿನೋವಿನ ಹೆಂಗಸು, ಬಿಡದೆ ಮಾಡಿದರು. ಪಾದ್ರಿಗಳ ಮನೆಗೆ ಇಂಜೆರ ಹೋಗುವುದು ಮಾತ್ರ ಆ ವರ್ಷ ನಿಂತಿತು. ಸಾಲು ಅರ್ಧಕ್ಕೆ ಇಳಿಯಿತು. ಬಂದವರಲ್ಲಿ ಕೆಲವರು ಕಾವಲಿಯ ಕಡೆ ಮೂಗರಳಿಸಿ ನೋಡುವರು. ಎಮಾಮ ಎಲ್ಲರಿಗೂ ಒಂದೇ ಮಾತು ಹೇಳುವರು: “ಬೆಕ್ಕಿಗೆ ಮಾಂಸ ಹಾಕ್ತೀನಿ. ಅಂಗಳದ ಆ ಮೂಲೇಲಿ, ಬೇರೆ ತಟ್ಟೇಲಿ. ಬೇಕಾದ್ರೆ ತಗೊಳ್ಳಿ, ಬೇಡದಿದ್ರೆ ಪಕ್ಕದ ಬೀದೀಲಿ ಇನ್ನೊಬ್ಬಳು ಹುಯ್ಯುತ್ತಾಳೆ.”

ಮಾಂಸ ತರುವವರು ಗಾಶೆ ದೆಗೆಫು. ನಮ್ಮವರ ಕಸಾಯಿ ಅಂಗಡಿ ಮುಚ್ಚಿರುವುದರಿಂದ ಊರಾಚೆಯ ಮುಸ್ಲಿಮರ ಅಂಗಡಿಗೇ ಹೋಗಬೇಕು. ಕೊರಳಲ್ಲಿ ಶಿಲುಬೆಯ ದಾರ ಕಟ್ಟಿಕೊಂಡ ಮುದುಕ ಉಪವಾಸದ ಹಗಲಲ್ಲಿ ಅಲ್ಲಿಂದ ಪೊಟ್ಟಣ ಹಿಡಿದು ಬಂದರೆ ಇಡೀ ಪೇಟೆ ತಿರುಗಿ ನೋಡುತ್ತದೆ. “ನೋಡ್ಲಿ,” ಎನ್ನುವರು ಅವರು. “ಬೆಕ್ಕಿಗೆ ಕಣ್ರೋ ಅಂತ ನಾಲ್ಕು ಜನಕ್ಕೆ ಹೇಳಿದೆ. ಒಬ್ಬನೂ ನಂಬಲಿಲ್ಲ. ಆ ಕಸಾಯಿಯವನು ಕೂಡ ಕಣ್ಣು ಹೊಡೆದ!”

ಹೊಲಿಗೆ ಬಿಚ್ಚಿಸಿದ ದಿನ ಎಮಾಮ ನಮ್ಮ ಮನೆಗೆ ಬಂದರು. ನಾನು ಕಾಫಿಗೆ ಬೀಜ ಹುರಿಯುತ್ತಿದ್ದೆ. ಆಕೆ ಕೂರಲಿಲ್ಲ. ಹೊಸ್ತಿಲಲ್ಲಿ ನಿಂತು ನೆಲವನ್ನೇ ನೋಡುತ್ತಿದ್ದರು. ಅಂಗಳದ ಆಚೆ ಬೋಳು ಹೊಟ್ಟೆಯ ಶಾಶೆ ಬಿಸಿಲಿಗೆ ಮಲಗಿತ್ತು.

“ಎಷ್ಟು ದಾರ ಇದೆ ನೋಡು ಮನೇಲಿ,” ಎಂದರು. “ನಾನು ಇಷ್ಟು ವರ್ಷ ನೋಡೇ ಇಲ್ಲ. ಮೂಟೆಯ ಬಾಯಿಗೆ ದಾರ, ಹಾಸಿಗೆಗೆ ದಾರ, ನನ್ನ ನೂಲುವ ಕದಿರಿಗೆ ದಾರ. ಎಲ್ಲಾ ಡಬ್ಬಿಗೆ ತುಂಬಿ ಮುಚ್ಚಿದೆ. ಈಗ ನಿನ್ನ ಮಗಳ ಶಾಲು ಕೊಡು.”

“ಶಾಲು ಯಾಕೆ ಎಮಾಮ?”

“ಅದರ ಅಂಚಿನ ಕುಚ್ಚು ನೋಡು, ಎಳೆದರೆ ಬರೋ ಹಾಗಿದೆ. ಶಾಶೆ ಇಲ್ಲಿಗೂ ಬರ್ತಾಳೆ. ಕತ್ತರಿಸ್ಬಿಡ್ತೀನಿ.”

ಬಿತಾನ್ಯಳ ನಾಮಕರಣದ ಶಾಲು ಅದು, ನನ್ನ ಅಮ್ಮ ಕೊಟ್ಟದ್ದು. ನಾನು ಕತ್ತರಿ ತಂದುಕೊಟ್ಟೆ. ಕುಚ್ಚನ್ನು ಮಗಳು ದಿನಾ ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದು ನನಗೆ ಆಗಲೇ ನೆನಪಾದದ್ದು. ಹುರಿದ ಕಾಫಿ ಬೀಜ ಒಲೆಯ ಪಕ್ಕ ಹಾಗೆಯೇ ಆರಿತು. ನಾನು ಮಂಡಿಯೂರಿ ಚಾಪೆ ಎತ್ತಿ ಅದರ ಕೆಳಗೆ ನೋಡಲು ಶುರು ಮಾಡಿದೆ. ಎಮಾಮ ಆ ಕಡೆಯ ಮೂಲೆಯಿಂದ ದಾರ ಹುಡುಕುತ್ತ ಬಂದರು.